ಹುಳು ತಿನ್ನುವ ಹುಳು

ಗಿಡದ ಮೇಲೆ ಹುಳು ಕಂಡೊಡನೆ ಪಂಪು ಹೊರತೆಗೆಯುವುದು ನಮ್ಮ ಬೆಳೆಗಾರ ಬಾಂಧವರಲ್ಲಿ ರೂಢಿಯಾಗಿಬಿಟ್ಟಿದೆ. ಇದು ಸರಿಯಲ್ಲ. ಅಮೆರಿಕದಲ್ಲಿ ಲೆಟಿಲಿಯ ಕಾಕ್ಸಿಡಿವೋರ ಎಂಬ ಸಣ್ಣ ಬೂದು ಪತಂಗವಿದೆ. 1879ರಲ್ಲಿ ಕಾಮ್‌ಸ್ಟಾಕ್ ಎಂಬ ಕೀಟಶಾಸ್ತ್ರಜ್ಞರು ಇದನ್ನು ವಿವರಿಸಿದರು. ಮೂತಿ ಪತಂಗಗಳೆಂಬ ಇದರ ಕುಟುಂಬದಲ್ಲಿ ಕಾಳು, ಹಣ್ಣು ಕೆಡಿಸುವ ಪುಂಡರೇ ಬಹಳ. ಇದರ ಮರಿಹುಳುವಿನ ಊಟವೋ ಶಲ್ಕ ಕೀಟಗಳು, ಅಂದರೆ ನಮ್ಮ ಕಾಫಿಯ ಹಸಿರು ತಿಗಣೆಯ ಬಳಗ. ರೇಷ್ಮೆ ಎಳೆಯ ಗೂಡು ಹೆಣೆದುಕೊಂಡು, ಅದರ ಮರೆಯಲ್ಲೇ ಒಂದೊಂದನ್ನಾಗಿ ಮುಗಿಸುತ್ತದೆ.

ಇದೇ ಕುಟುಂಬದ ಡೈಫಾ ನಮ್ಮಲ್ಲೇ ಇದೆ. 2002ರ ಹೊತ್ತಿಗೆ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಾಗ, ಆ ಹೇನನ್ನು ತಿಂದು ರೈತನಿಗೆ ನೆರವಾದದ್ದು ಅದರ ಹುಳುವೇ. ಸಿಂಪಡಿಸಿದ ಮದ್ದಿಗೆ ಈ ಭೇದ ತಿಳಿಯದು. ಹುಳು ತಿನ್ನುತ್ತಿರುವುದು ಎಲೆಯನ್ನೋ ತಿಗಣೆಯನ್ನೋ ಎಂದು ಭೂತಗನ್ನಡಿ ಹಿಡಿದು ನೋಡಿದ ಮೇಲೆ ಮದ್ದು ಕಲಸಿರಿ.