ಟ್ಯಾಂಕ್ ಬಂದ ದಿನವೇ ಮೊದಲ ಮಹಾಯುದ್ಧ ಮುಗಿಯಿತೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಕಥೆ

ಒಂದು ಕಪ್ಪು-ಬಿಳುಪು ಫೋಟೋ. ಓರೆಯಾದ ಉಕ್ಕಿನ ಪೆಟ್ಟಿಗೆಯಂಥದ್ದೊಂದು ಕಂದಕ ಹತ್ತಿ ಮೇಲೇಳುತ್ತಿದೆ. ಜೊತೆಗೆ ನಾಲ್ಕು ಮಾತು: ಇದು ಜಗತ್ತಿನ ಮೊದಲ ಟ್ಯಾಂಕ್, ಕಂಡುಹಿಡಿದದ್ದು ಚರ್ಚಿಲ್. ಜರ್ಮನ್ನರು ನೀರಿನ ಟ್ಯಾಂಕ್ ಎಂದುಕೊಂಡು ಸುಮ್ಮನಿದ್ದರು. ಗುಂಡು ನಾಟದ ಈ ಯಂತ್ರ ಕಂಡು ದಿಕ್ಕಾಪಾಲಾಗಿ ಓಡಿದರು, ಯುದ್ಧ ಮುಗಿಯಿತು. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು.

ಕೊನೆಯ ಮಾತನ್ನು ಪರೀಕ್ಷಿಸಲು ಕ್ಯಾಲೆಂಡರ್ ಸಾಕು. ಟ್ಯಾಂಕ್ ಮೊದಲ ಬಾರಿ ಯುದ್ಧಕ್ಕಿಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸಾಮ್ ನದಿಯ ಪ್ರದೇಶದಲ್ಲಿ. ಯುದ್ಧ ನಿಂತದ್ದು 1918ರ ನವೆಂಬರ್ 11ರಂದು. ನಡುವೆ ಎರಡು ವರ್ಷಕ್ಕೂ ಮೇಲಾಯಿತು. ಆ ಎರಡು ವರ್ಷದಲ್ಲಿ ಏನಾಯಿತು ಎನ್ನುವುದನ್ನೇ ಫಾರ್ವರ್ಡ್ ನುಂಗಿಹಾಕುತ್ತದೆ. ನಮಗೆ ಆಸಕ್ತಿ ಇರುವುದೂ ಅದರಲ್ಲೇ.

ಮೊದಲು, ಇಂಥ ಯಂತ್ರ ಯಾಕೆ ಬೇಕಾಯಿತು? 1914ರ ಕೊನೆಗೆ ಬೆಲ್ಜಿಯಂನ ಕಡಲತೀರದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಎರಡೂ ಕಡೆಯ ಸೈನ್ಯಗಳು ನೆಲ ಅಗೆದು ಕಂದಕಗಳಲ್ಲಿ ಕೂತುಬಿಟ್ಟಿದ್ದವು. ಮುಂದೆ ಮುಳ್ಳುತಂತಿ, ಅದರ ಹಿಂದೆ ಮೆಷಿನ್ ಗನ್. ಎದ್ದು ಓಡಿದವನು ಸತ್ತ. 1916ರ ಜುಲೈ 1, ಸಾಮ್ ಕದನದ ಮೊದಲ ದಿನ, ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,000ಕ್ಕೂ ಹೆಚ್ಚು ಜನ. ಅವರಲ್ಲಿ 19,000ಕ್ಕೂ ಹೆಚ್ಚು ಮಂದಿ ಸತ್ತರು. ಒಂದೇ ದಿನದಲ್ಲಿ. ತಂತಿ ತುಳಿದು, ಕಂದಕ ದಾಟಿ, ಮೆಷಿನ್ ಗನ್ನಿನ ಗುಂಡಿಗೆ ಬಗ್ಗದೆ ಹೋಗುವ ಗಾಡಿ ಬೇಕು ಎಂಬ ಯೋಚನೆ ಹುಟ್ಟಿದ್ದು ಈ ಬಗೆಯ ಕೊಲೆಯ ನಡುವೆ.

ಹಾಗಾದರೆ ಕಂಡುಹಿಡಿದವರು ಯಾರು?

ಚರ್ಚಿಲ್ ಅಲ್ಲ. ಆದರೆ ಅವರ ಪಾತ್ರವೇ ಇಲ್ಲ ಎಂದರೂ ತಪ್ಪು. ಆಗ ನೌಕಾಪಡೆಯ ಸಚಿವರಾಗಿದ್ದ ಅವರು 1915ರ ಫೆಬ್ರವರಿಯಲ್ಲಿ ‘ಲ್ಯಾಂಡ್‌ಶಿಪ್ಸ್ ಕಮಿಟಿ’ ಎಂಬ ಸಮಿತಿ ಮಾಡಿ ಹಣ, ಬೆಂಬಲ ಕೊಟ್ಟರು. ನೆಲದ ಮೇಲಿನ ಯುದ್ಧದ ಗಾಡಿ ಹುಟ್ಟಿದ್ದು ನೌಕಾಪಡೆಯ ಮಡಿಲಲ್ಲಿ ಎನ್ನುವುದೇ ಒಂದು ತಮಾಷೆ. ಅರ್ನೆಸ್ಟ್ ಸ್ವಿಂಟನ್ ಎಂಬ ಸೇನಾಧಿಕಾರಿ, ಅಮೆರಿಕದ ಹೋಲ್ಟ್ ಕಂಪನಿಯ ಸರಪಳಿ ಚಕ್ರದ ಟ್ರ್ಯಾಕ್ಟರ್‌ಗಳನ್ನು ನೋಡಿ, ಇದೇ ತತ್ವದ ಯುದ್ಧದ ಗಾಡಿ ಬೇಕೆಂದು ಸೇನೆಯ ಒಳಗೆ ಒತ್ತಾಯಿಸುತ್ತಿದ್ದರು. ಕೊನೆಗೆ ಓಡುವ ಗಾಡಿ ಮಾಡಿದವರು ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಕೃಷಿ ಯಂತ್ರ ಮಾಡುತ್ತಿದ್ದ ವಿಲಿಯಂ ಫಾಸ್ಟರ್ ಕಂಪನಿಯ ವಿಲಿಯಂ ಟ್ರಿಟನ್ ಮತ್ತು ಎಂಜಿನಿಯರ್ ವಾಲ್ಟರ್ ವಿಲ್ಸನ್. ಯುದ್ಧ ಮುಗಿದ ಮೇಲೆ ಈ ಜಗಳ ತೀರಿಸಲು ಬ್ರಿಟನ್ನಿನಲ್ಲಿ ಆಯೋಗವೇ ಕೂತಿತು. ಟ್ರಿಟನ್ ಮತ್ತು ವಿಲ್ಸನ್‌ಗೆ ಸೇರಿ 15,000 ಪೌಂಡ್ ಬಹುಮಾನ ಬಂತು, ಸ್ವಿಂಟನ್‌ಗೆ 1,000. ಚರ್ಚಿಲ್‌ಗೆ ಹಣವಿಲ್ಲ, ಯೋಜನೆಯನ್ನು ಮುನ್ನಡೆಸಿದ್ದಕ್ಕೆ ಮೆಚ್ಚುಗೆ ಸಿಕ್ಕಿತು. ಲಿಯೊನಾರ್ಡೊ ಡ ವಿಂಚಿಯ ಚಿತ್ರವನ್ನು ‘ಮೊದಲ ಟ್ಯಾಂಕ್’ ಎಂದು ಹಂಚುವವರೂ ಇದ್ದಾರೆ. ಅದು ಒಳಗೆ ಕೂತ ಮನುಷ್ಯರು ಕೈಯಿಂದ ತಿರುಗಿಸಬೇಕಾದ ಗಾಡಿ. ಕಾಗದದಿಂದ ಆಚೆ ಬಂದದ್ದಲ್ಲ.

ಟ್ಯಾಂಕ್ ಎಂಬ ಹೆಸರಿನ ವಿಷಯದಲ್ಲಿ ಫಾರ್ವರ್ಡ್ ಅರ್ಧ ಸರಿ. ಗುಟ್ಟು ಕಾಯಲು ಬೇರೆ ಹೆಸರು ಬೇಕಿತ್ತು. ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕ್‌ನಲ್ಲಿ ಹೋರಾಡುತ್ತಿರುವ ಪಡೆಗಳಿಗೆ ನೀರು ಸಾಗಿಸುವ ಗಾಡಿ ಎಂದು ಸುದ್ದಿ ಹಬ್ಬಿಸಿದರು. ಅಲ್ಲಿ ಆಗ ಸಾವಿರಾರು ಭಾರತೀಯ ಸೈನಿಕರಿದ್ದರು, ಹಾಗಾಗಿ ನಂಬುವಂಥ ಸುಳ್ಳೇ. ‘ವಾಟರ್ ಕ್ಯಾರಿಯರ್’ ಎಂದೇ ಕರೆಯೋಣವೆಂದರೆ ಅದರ ಮೊದಲಕ್ಷರ ಡಬ್ಲ್ಯೂ.ಸಿ. ಆಗುತ್ತದೆ. ಕಡತದ ಮೇಲೆ ಶೌಚಾಲಯ ಸಮಿತಿ ಎಂದು ಬರೆಸಿಕೊಳ್ಳಲು ಯಾರಿಗೆ ಇಷ್ಟ? ಕೊನೆಗೆ ‘ಟ್ಯಾಂಕ್’ ಎಂದರು, ಅದೇ ನಿಂತಿತು. ರಷ್ಯಾಕ್ಕೆ ಹೋಗುವ ಸರಕು ಎನಿಸಲು ‘ಜೋಪಾನ, ಪೆಟ್ರೊಗ್ರಾಡ್‌ಗೆ’ ಎಂಬ ಅರ್ಥದ ರಷ್ಯನ್ ಬರಹವನ್ನೂ ಬಳಿದರು. ಈ ನಾಟಕವೆಲ್ಲ ಕಾರ್ಖಾನೆ, ರೈಲು, ಬಂದರುಗಳಲ್ಲಿ ನಡೆದದ್ದು. ಯುದ್ಧಭೂಮಿಯಲ್ಲಿ ಗುಂಡು ಹಾರಿಸುತ್ತ ಬಂದದ್ದನ್ನು ಎದುರಿನವರು ನೀರಿನ ತೊಟ್ಟಿ ಎಂದುಕೊಂಡರು ಎನ್ನುವುದು ಆಮೇಲೆ ಸೇರಿಸಿದ ಒಗ್ಗರಣೆ.

ಯಂತ್ರದ ಒಳಗೆ ಎಂಟು ಜನ

ಮೊದಲ ಟ್ಯಾಂಕಿನ ಹೆಸರು ಮಾರ್ಕ್ 1. ತೂಕ ಸುಮಾರು 28 ಟನ್. ಇಷ್ಟು ಭಾರ ಕೆಸರಲ್ಲಿ ಹೂತುಹೋಗಬಾರದೆಂದರೆ ಭಾರ ಹರಡಬೇಕು. ಕೆಸರಿನ ಅಂಗಳ ದಾಟಲು ಹಲಗೆ ಹಾಸುತ್ತೇವಲ್ಲ, ಅದೇ ಲೆಕ್ಕ. ಸರಪಳಿ ಪಟ್ಟಿ ಎಂದರೆ ಗಾಡಿ ತಾನೇ ಹಾಸಿಕೊಂಡು, ದಾಟಿ, ಮತ್ತೆ ಎತ್ತಿಕೊಳ್ಳುವ ಹಲಗೆ. ಅಗಲ ಕಂದಕ ದಾಟಲು, ಎತ್ತರದ ದಿಬ್ಬ ಹತ್ತಲು ಆ ಪಟ್ಟಿಯನ್ನು ಇಡೀ ಒಡಲಿನ ಸುತ್ತ ಸುತ್ತಿಸಿದರು. ಫೋಟೋದಲ್ಲಿ ಕಾಣುವ ಆ ವಿಚಿತ್ರ ಓರೆ ಆಕಾರಕ್ಕೆ ಕಾರಣ ಇದೇ. ಫಿರಂಗಿ ಇದ್ದದ್ದಕ್ಕೆ ‘ಗಂಡು’, ಬರೀ ಮೆಷಿನ್ ಗನ್ ಇದ್ದದ್ದಕ್ಕೆ ‘ಹೆಣ್ಣು’ ಎಂದು ಕರೆದರು. ಇದು ತಮಾಷೆಯಲ್ಲ, ಅಧಿಕೃತ ಹೆಸರು.

ಎಂಜಿನ್ 105 ಅಶ್ವಶಕ್ತಿಯದು. ಇಂದು ನಮ್ಮ ರಸ್ತೆಯಲ್ಲಿ ಓಡುವ ಸಾಧಾರಣ ಕಾರುಗಳಿಗೂ ಸುಮಾರು ಅಷ್ಟೇ ಶಕ್ತಿ ಇರುತ್ತದೆ. ಅದರಲ್ಲಿ 28 ಟನ್ ಎಳೆಯಬೇಕು. ಒಳ್ಳೆಯ ನೆಲದ ಮೇಲೆ ಗಂಟೆಗೆ 6 ಕಿ.ಮೀ., ಗುಂಡಿ ಬಿದ್ದ ಯುದ್ಧಭೂಮಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ನಡೆದು ಹೋಗುವ ಸೈನಿಕ ಇದನ್ನು ಹಿಂದೆ ಹಾಕಬಲ್ಲ. ತಿರುಗಿಸಲು, ಗೇರ್ ಬದಲಿಸಲು ನಾಲ್ಕು ಜನ ಒಟ್ಟಿಗೆ ಕೆಲಸ ಮಾಡಬೇಕಿತ್ತು. ಎಂಜಿನ್ ಒಳಗೇ, ಜನರ ನಡುವೆಯೇ ಕೂತಿತ್ತು. ಸದ್ದಿನಲ್ಲಿ ಮಾತು ಕೇಳಿಸದೆ ಲೋಹ ಬಡಿದು, ಕೈಸನ್ನೆ ಮಾಡಿ ಸೂಚನೆ ಕೊಡುತ್ತಿದ್ದರು. ಹೊರಗಿನವರಿಗೆ ಸುದ್ದಿ ಕಳಿಸಲು ಇದ್ದದ್ದು ಪಾರಿವಾಳ.

ಒಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಹೊಗೆ. ಎಂಜಿನ್ ಮತ್ತು ಬಂದೂಕುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಪರಿಣಾಮ ತಲೆನೋವು, ವಾಂತಿ, ಗೊಂದಲ, ಪ್ರಜ್ಞೆ ತಪ್ಪುವುದು. ಮುಚ್ಚಿದ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಓಡಿಸಬೇಡಿ ಎನ್ನುವುದು ಇದಕ್ಕೇ. ಕದನ ಮುಗಿಸಿ ಹೊರಬಂದ ಸಿಬ್ಬಂದಿ ಎಷ್ಟೋ ಸಲ ಟ್ಯಾಂಕಿನ ಪಕ್ಕದಲ್ಲೇ ಕುಸಿದು ಬೀಳುತ್ತಿದ್ದರು. 1918ರಲ್ಲಿ ಬಂದ ಮಾರ್ಕ್ 5 ಓಡಿಸಲು ಸುಲಭವಾಗಿತ್ತು, ಆದರೆ ಗಾಳಿಯ ವಿಷಯದಲ್ಲಿ ಹಳೆಯದಕ್ಕಿಂತ ಕಡೆ.

‘ಗುಂಡು ನಾಟದ’ ಎನ್ನುವುದೂ ಪೂರ್ತಿ ನಿಜವಲ್ಲ. ಮಾರ್ಕ್ 1ರ ಉಕ್ಕಿನ ದಪ್ಪ 6ರಿಂದ 12 ಮಿಲಿಮೀಟರ್. ಸಾಮಾನ್ಯ ಗುಂಡು ತೂರದಿದ್ದರೂ, ಬಡಿದಾಗ ಬಿಸಿ ಲೋಹದ ಚೂರುಗಳು ಸಂದುಗಳಿಂದ ಒಳಕ್ಕೆ ಸಿಡಿದು ಮುಖ ಸೀಳುತ್ತಿದ್ದವು. ಅದಕ್ಕಾಗಿ ಸಿಬ್ಬಂದಿಗೆ ಚರ್ಮದ, ಬಾಯಿಯ ಮುಂದೆ ಉಕ್ಕಿನ ಬಳೆಗಳ ಪರದೆ ಇಳಿಬಿಟ್ಟ ಮುಖವಾಡ ಕೊಟ್ಟರು. ಜರ್ಮನ್ನರ ಬಳಿಯಿದ್ದ ಗಟ್ಟಿ ತಿರುಳಿನ ‘ಕೆ’ ಗುಂಡು ಈ ತಗಡನ್ನೇ ತೂರುತ್ತಿತ್ತು. ಫಿರಂಗಿಯ ಗುಂಡು ನೇರ ಬಿದ್ದರೆ ಮುಗಿಯಿತು. ಪೆಟ್ರೋಲ್ ತೊಟ್ಟಿಗಳೂ ಒಳಗೇ ಇದ್ದವು.

ಆ ಮೊದಲ ದಿನ ಏನಾಯಿತು? ಸಿದ್ಧವಾಗಿದ್ದ 49 ಟ್ಯಾಂಕ್‌ಗಳಲ್ಲಿ ಹೊರಡುವ ಜಾಗ ತಲುಪಿದವು 32. ಉಳಿದವು ದಾರಿಯಲ್ಲೇ ಕೆಟ್ಟವು ಅಥವಾ ಗುಂಡಿಗೆ ಬಿದ್ದವು. ಹೊರಟವುಗಳಲ್ಲೂ ಹಲವು ಸ್ವಲ್ಪ ದೂರಕ್ಕೇ ನಿಂತವು. ಫ್ಲೆರ್ ಎಂಬ ಹಳ್ಳಿಯ ಮುಖ್ಯ ಬೀದಿಗೆ ಒಂದು ನುಗ್ಗಿದ್ದನ್ನು ವಿಮಾನದಿಂದ ಕಂಡು ವರದಿ ಮಾಡಿದರು, ಪತ್ರಿಕೆಗಳು ಕುಣಿದಾಡಿದವು. ಕೆಲವೆಡೆ ಜರ್ಮನ್ ಸೈನಿಕರು ಹೆದರಿ ಓಡಿದ್ದೂ ನಿಜ. ಆದರೆ ಜರ್ಮನ್ ಸಾಲು ಹಿಂದಕ್ಕೆ ಸರಿಯಿತು, ಮುರಿಯಲಿಲ್ಲ. ಫಾರ್ವರ್ಡ್‌ನ ಬೇರು ಆ ದಿನದ ಪತ್ರಿಕೆಗಳಲ್ಲೇ ಇದೆ ಎಂದು ನಮಗನ್ನಿಸುತ್ತದೆ.

1917ರ ಜುಲೈ ಕೊನೆಯಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಮಳೆ ಮತ್ತು ಫಿರಂಗಿ ಸೇರಿ ಕಲಸಿದ ಕೆಸರಿಗೆ ಟ್ಯಾಂಕ್‌ಗಳನ್ನು ಇಳಿಸಿದರು. ಹಲಗೆಯ ಲೆಕ್ಕಕ್ಕೂ ಮಿತಿಯಿದೆ. ಹೂತವು ಹೂತಲ್ಲೇ ಉಳಿದವು.

ಕಾಂಬ್ರೆ: ಗಂಟೆ ಬಾರಿಸಿದ ಹತ್ತು ದಿನಗಳು

ಆ ವರ್ಷದ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆ ಬಳಿ ಬ್ರಿಟಿಷರು ಗಟ್ಟಿ ನೆಲ ಆರಿಸಿಕೊಂಡರು. ಸರಕು ಸಾಗಿಸುವವೂ ಸೇರಿ 476 ಟ್ಯಾಂಕ್. ಹಿಂದೆಲ್ಲ ದಿನಗಟ್ಟಲೆ ಫಿರಂಗಿ ಹೊಡೆದು ‘ಬರುತ್ತಿದ್ದೇವೆ’ ಎಂದು ತಾವೇ ಡಂಗುರ ಸಾರುತ್ತಿದ್ದರು. ಈ ಸಲ ನಕ್ಷೆಯ ಲೆಕ್ಕದ ಮೇಲೆ ಸುಮಾರು ಸಾವಿರ ಫಿರಂಗಿಗಳನ್ನು ಗುರಿ ಹೂಡಿಟ್ಟು, ದಾಳಿಯ ಹೊತ್ತಿಗೇ ಮೊದಲ ಗುಂಡು ಹಾರಿಸಿದರು. ಅಗಲ ಕಂದಕಗಳಿಗೆ ಹಾಕಲು ಟ್ಯಾಂಕ್‌ಗಳ ತಲೆಯ ಮೇಲೆ ಸೌದೆಯ ದೊಡ್ಡ ಕಂತೆಗಳಿದ್ದವು. ಕೆಲವೇ ಗಂಟೆಗಳಲ್ಲಿ, ಬೇರೆಡೆ ತಿಂಗಳುಗಟ್ಟಲೆ ಸತ್ತರೂ ಸಿಗದಷ್ಟು ನೆಲ ಸಿಕ್ಕಿತು. ಬ್ರಿಟನ್ನಿನಲ್ಲಿ ಚರ್ಚ್ ಗಂಟೆ ಬಾರಿಸಿದರು.

ಆದರೆ ಅದೇ ಮೊದಲ ದಿನ 179 ಟ್ಯಾಂಕ್‌ಗಳು ಕೆಲಸಕ್ಕೆ ಬಾರದಾದವು. ಅವುಗಳಲ್ಲಿ ವೈರಿಯ ಗುಂಡಿಗೆ ಬಲಿಯಾದವು 65, ಉಳಿದವು ಕೆಟ್ಟು ನಿಂತವು ಅಥವಾ ಸಿಕ್ಕಿಹಾಕಿಕೊಂಡವು. ಟ್ಯಾಂಕ್ ಮಾಡಿದ ದಾರಿಯಲ್ಲಿ ಕುದುರೆ ಪಡೆ ನುಗ್ಗಬೇಕೆಂಬ ಯೋಜನೆಯಿತ್ತು. ಮಾನಿಯೇರ್ ಎಂಬಲ್ಲಿ ಕಾಲುವೆಯ ಸೇತುವೆ ಒಂದು ಟ್ಯಾಂಕಿನ ಭಾರಕ್ಕೇ ಕುಸಿಯಿತು, ಕುದುರೆಗಳ ಮುಖ್ಯ ದಾರಿ ಮುಚ್ಚಿಹೋಯಿತು. ನವೆಂಬರ್ 30ಕ್ಕೆ ಜರ್ಮನ್ನರು ತಿರುಗಿಬಿದ್ದು ಕಳೆದುಕೊಂಡದ್ದರ ಬಹುಪಾಲನ್ನು ವಾಪಸ್ ಪಡೆದರು. ಮರುದಿನ ಇದೇ ಕದನದಲ್ಲಿ ಭಾರತೀಯ ಕುದುರೆ ಪಡೆಯ ಗೋಬಿಂದ್ ಸಿಂಗ್ ಗುಂಡಿನ ಮಳೆಯಲ್ಲಿ ಮೂರು ಸಲ ಸಂದೇಶ ಒಯ್ದರು, ಪ್ರತಿ ಸಲವೂ ಅವರ ಕುದುರೆ ಸತ್ತಿತು. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಟ್ಯಾಂಕ್ ಬಂದ ಮೇಲೆ ಕುದುರೆಯ ಕಾಲ ಮುಗಿಯಿತು ಎನ್ನುವವರಿಗೆ ಇನ್ನೊಂದು ನೆನಪು: ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ನಗರವನ್ನು ಕುದುರೆಯ ಮೇಲೆ ನುಗ್ಗಿ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು, ಮೊದಲ ಟ್ಯಾಂಕ್ ಬಂದು ಎರಡು ವರ್ಷವಾದ ಮೇಲೆ.

ಕಾಂಬ್ರೆ ತನ್ನದೇ ಒಂದು ‘ಫಾರ್ವರ್ಡ್’ ಅನ್ನೂ ಹುಟ್ಟಿಸಿತು. ಫ್ಲೆಸ್ಕಿಯೇರ್ ಹಳ್ಳಿಯ ಬಳಿ ಒಬ್ಬನೇ ಜರ್ಮನ್ ಅಧಿಕಾರಿ ಒಂದೇ ಫಿರಂಗಿಯಿಂದ ಸಾಲುಸಾಲು ಟ್ಯಾಂಕ್ ಉರುಳಿಸಿದ ಎಂಬ ಕಥೆ. ಬ್ರಿಟಿಷ್ ಸೇನಾಪತಿ ಹೇಗ್ ಅವರೇ ತಮ್ಮ ವರದಿಯಲ್ಲಿ ಅವನನ್ನು ಹೊಗಳಿದರು. ಮುಂದೆ 1930ರ ದಶಕದಲ್ಲಿ ಜರ್ಮನಿ ಆ ವೀರನಿಗೆ ಒಂದು ಹೆಸರನ್ನೂ ಸ್ಮಾರಕವನ್ನೂ ಕೊಟ್ಟಿತು. ನಿಜದಲ್ಲಿ ಅಲ್ಲಿದ್ದದ್ದು ಚಲಿಸುವ ಗುರಿಗೆ ಹೊಡೆಯಲು ಮೊದಲೇ ತರಬೇತಾದ ಡಿವಿಷನ್ನಿನ ಹಲವು ಫಿರಂಗಿಗಳು. ಒಬ್ಬ ವೀರನ ಕಥೆ ಎರಡೂ ಕಡೆಗೆ ಹಿತವಾಗಿತ್ತು, ಅಷ್ಟೇ.

ಹಾಗಾದರೆ ಟ್ಯಾಂಕ್ ಉಪಯೋಗವೇ ಆಗಲಿಲ್ಲವೇ? ಆಯಿತು, ಒಂಟಿಯಾಗಿ ಅಲ್ಲ. 1918ರ ಜುಲೈ 4ರಂದು ಅಮೆಲ್ ಎಂಬಲ್ಲಿ ಆಸ್ಟ್ರೇಲಿಯಾದ ಜನರಲ್ ಮೊನಾಶ್ 60 ಟ್ಯಾಂಕ್, ಫಿರಂಗಿ, ಕಾಲಾಳು, ವಿಮಾನ ಎಲ್ಲವನ್ನೂ ಒಂದೇ ವೇಳಾಪಟ್ಟಿಗೆ ಜೋಡಿಸಿದರು. 90 ನಿಮಿಷದ ಯೋಜನೆ 93 ನಿಮಿಷದಲ್ಲಿ ಮುಗಿಯಿತು. ಆಗಸ್ಟ್ 8ರಂದು ಅಮಿಯಾನ್ ಬಳಿ ಅದನ್ನೇ ದೊಡ್ಡದಾಗಿ ಮಾಡಿದರು: 400ಕ್ಕೂ ಹೆಚ್ಚು ಯುದ್ಧ ಟ್ಯಾಂಕ್, ಸುಮಾರು 2,000 ಫಿರಂಗಿ, ಟ್ಯಾಂಕ್‌ಗಳ ಸದ್ದು ಮುಚ್ಚಲು ಮೇಲೆ ಹಾರಾಡುವ ವಿಮಾನಗಳು. ಜರ್ಮನಿಯ ಲುಡೆನ್‌ಡಾರ್ಫ್ ತಮ್ಮ ಸೈನ್ಯದ ಕರಾಳ ದಿನ ಎಂದು ಕರೆದದ್ದು ಈ ದಿನವನ್ನೇ. ನಾಲ್ಕು ದಿನ ಕಳೆದು, ಆಗಸ್ಟ್ 12ಕ್ಕೆ, ಯುದ್ಧಕ್ಕೆ ಸಿದ್ಧವಾಗಿ ಉಳಿದ ಟ್ಯಾಂಕ್‌ಗಳು 6. ಯುದ್ಧ ಆಮೇಲೂ ಮೂರು ತಿಂಗಳು ನಡೆಯಿತು. ಅದನ್ನು ಮುಗಿಸಿದ್ದರಲ್ಲಿ ಫಿರಂಗಿಗಳದ್ದು, ಜರ್ಮನಿಯ ಮೇಲಿನ ಕಡಲ ದಿಗ್ಬಂಧನದ್ದು, ಹೊಸದಾಗಿ ಬಂದಿಳಿಯುತ್ತಿದ್ದ ಅಮೆರಿಕನ್ ಸೈನಿಕರದ್ದು ಎಲ್ಲದರ ಪಾಲಿತ್ತು. ಜರ್ಮನಿ ತಾನೇ ಮಾಡಿದ ಎ7ವಿ ಟ್ಯಾಂಕ್‌ಗಳ ಸಂಖ್ಯೆ ಬರೀ 20. ವಶಪಡಿಸಿಕೊಂಡ ಬ್ರಿಟಿಷ್ ಟ್ಯಾಂಕ್‌ಗಳನ್ನೇ ಅದು ಹೆಚ್ಚು ಬಳಸಿತು. ಇಂದಿನ ಟ್ಯಾಂಕಿನ ಹೋಲಿಕೆ ಇರುವುದು ಫ್ರಾನ್ಸಿನ ಪುಟ್ಟ ರೆನೊ ಎಫ್‌ಟಿಯಲ್ಲಿ: ಇಬ್ಬರೇ ಜನ, ತಿರುಗುವ ಗೋಪುರ, ಹಿಂದೆ ಎಂಜಿನ್. ಫಾರ್ವರ್ಡ್‌ಗಳಲ್ಲಿ ಅದರ ಫೋಟೋ ಕಾಣುವುದು ಕಡಿಮೆ, ನೋಡಲು ಅಷ್ಟು ಭಯಂಕರವಾಗಿಲ್ಲವಲ್ಲ.

1998ರಲ್ಲಿ ಅದೇ ಫ್ಲೆಸ್ಕಿಯೇರ್ ಹಳ್ಳಿಯ ನೆಲ ಅಗೆದಾಗ ಒಂದು ಟ್ಯಾಂಕ್ ಸಿಕ್ಕಿತು. ಡಿ51, ಸಿಬ್ಬಂದಿ ಇಟ್ಟ ಹೆಸರು ‘ಡೆಬೊರಾ’. 1917ರ ನವೆಂಬರ್ 20ರಂದು ಹಳ್ಳಿ ದಾಟಿ ಹೊರಬರುತ್ತಿದ್ದಂತೆ ಫಿರಂಗಿಯ ಗುಂಡುಗಳು ಬಡಿದು, ಒಳಗಿದ್ದವರಲ್ಲಿ ಐವರು ಸತ್ತಿದ್ದರು. ಆ ಐವರ ಸಮಾಧಿ ಹಳ್ಳಿಯ ಪಕ್ಕದ ಸೈನಿಕ ಸ್ಮಶಾನದಲ್ಲಿದೆ. ಡೆಬೊರಾ ಈಗ ಅಲ್ಲೇ ಹತ್ತಿರದ ಮ್ಯೂಸಿಯಂನಲ್ಲಿ ನಿಂತಿದೆ. ಗುಂಡು ಸೀಳಿದ ಜಾಗವನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ.