ಅಕ್ಕ ನೋಡದ ವಿಡಿಯೊ

ಎಸ್.ಎಲ್. ಭೈರಪ್ಪನವರ ‘ಪರ್ವ’ ಕಾದಂಬರಿ ಬಂದದ್ದು 1979ರಲ್ಲಿ. 2021ರಲ್ಲಿ ಮೈಸೂರು ರಂಗಾಯಣ ಅದನ್ನು ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ನಾಟಕವಾಗಿ ರಂಗಕ್ಕೆ ತಂದಿತು. ಕಥೆ ಒಂದೇ, ಹೇಳುವ ಮಾಧ್ಯಮ ಬದಲಾಯಿತು. ಇದಕ್ಕೆ ನಾವು ರೂಪಾಂತರ ಎನ್ನುತ್ತೇವೆ. ಟ್ರಾನ್ಸ್‌ಮೀಡಿಯಾ ಕಥನ ಎಂಬುದು ಹೀಗಲ್ಲ. ಅಲ್ಲಿ ಕಥೆಯೇ ಹಂಚಿಹೋಗಿರುತ್ತದೆ: ಒಂದು ಪಾಲು ಸಿನಿಮಾದಲ್ಲಿ, ಇನ್ನೊಂದು ಕಾದಂಬರಿಯಲ್ಲಿ, ಮತ್ತೊಂದು ವಿಡಿಯೊ ಗೇಮ್‌ನಲ್ಲೋ ಪಾತ್ರದ ಹೆಸರಿನಲ್ಲಿರುವ ಇನ್‌ಸ್ಟಾಗ್ರಾಂ ಖಾತೆಯಲ್ಲೋ. ನಮಗೆ ಹತ್ತಿರದ ಉದಾಹರಣೆ ‘ಬಾಹುಬಲಿ’. ಚಿತ್ರದಲ್ಲಿ ಶಿವಗಾಮಿ ರಾಜಮಾತೆಯಾಗಿ ಮೆರೆಯುತ್ತಾಳೆ. ತಂದೆಯನ್ನು ಕಳೆದುಕೊಂಡ ಹುಡುಗಿಯಾಗಿ ಅವಳು ಪಟ್ಟ ಪಾಡು ಚಿತ್ರದಲ್ಲಿಲ್ಲ. ಅದು ಆನಂದ್ ನೀಲಕಂಠನ್ 2017ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯಲ್ಲಿದೆ.

ಈ ಪರಿಕಲ್ಪನೆಗೆ ಗಟ್ಟಿ ವಿವರಣೆ ಕೊಟ್ಟವರು ಅಮೆರಿಕದ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್, ಮೊದಲು 2003ರ ಒಂದು ಲೇಖನದಲ್ಲಿ, ಆಮೇಲೆ 2006ರ ‘ಕನ್ವರ್ಜೆನ್ಸ್ ಕಲ್ಚರ್’ ಪುಸ್ತಕದಲ್ಲಿ. ಪ್ರತಿ ಮಾಧ್ಯಮವೂ ತನಗೆ ಚೆನ್ನಾಗಿ ಒಗ್ಗುವ ಕೆಲಸವನ್ನು ಮಾಡಬೇಕು, ಪ್ರತಿ ತುಂಡೂ ತನ್ನಷ್ಟಕ್ಕೆ ಅರ್ಥವಾಗಬೇಕು ಎಂಬುದು ಅವರು ಮುಂದಿಟ್ಟ ಆದರ್ಶ. 2010ರಲ್ಲಿ ಅಮೆರಿಕದ ನಿರ್ಮಾಪಕರ ಸಂಘ ‘ಟ್ರಾನ್ಸ್‌ಮೀಡಿಯಾ ಪ್ರೊಡ್ಯೂಸರ್’ ಎಂಬ ಹುದ್ದೆಗೆ ಮಾನ್ಯತೆಯನ್ನೂ ಕೊಟ್ಟಿತು. ಆದರೆ ಆದರ್ಶವನ್ನು ಒಪ್ಪುವುದು ಸುಲಭ, ಪಾಲಿಸುವುದು ಕಷ್ಟ.

ಜೆಂಕಿನ್ಸ್ ಬಹಳವಾಗಿ ಚರ್ಚಿಸಿದ ‘ಮೇಟ್ರಿಕ್ಸ್’ ಸರಣಿಯನ್ನೇ ನೋಡಿ. ಯಂತ್ರಗಳು ಮನುಷ್ಯರ ಕೊನೆಯ ನಗರದತ್ತ ನೆಲ ಕೊರೆಯುತ್ತಿವೆ ಎಂಬ ಸುದ್ದಿಯನ್ನು ‘ಒಸೈರಿಸ್’ ಎಂಬ ಹಡಗಿನವರು ಪತ್ತೆಹಚ್ಚಿ, ಸಾಯುವ ಮುನ್ನ ಅಂಚೆಡಬ್ಬಿಗೆ ಹಾಕುತ್ತಾರೆ. ಇದು ಒಂದು ಕಿರು ಅನಿಮೇಷನ್ ಚಿತ್ರ. ಆ ಸುದ್ದಿಯಿರುವ ಪೊಟ್ಟಣವನ್ನು ಅಂಚೆ ಕಚೇರಿಯಿಂದ ಬಿಡಿಸಿಕೊಂಡು ಬರುವುದು ‘ಎಂಟರ್ ದ ಮೇಟ್ರಿಕ್ಸ್’ ಗೇಮ್ ಆಡುವವರ ಕೆಲಸ. 2003ರ ‘ಮೇಟ್ರಿಕ್ಸ್ ರೀಲೋಡೆಡ್’ ಸಿನಿಮಾದಲ್ಲಿ ಮಾತ್ರ ಒಸೈರಿಸ್ ಕಳಿಸಿದ ಕೊನೆಯ ಸುದ್ದಿಯ ಪ್ರಸ್ತಾಪ ಹಾಗೆ ಬಂದು ಹೀಗೆ ಹೋಗುತ್ತದೆ. ಟಿಕೆಟ್ ಕೊಂಡು ಸಿನಿಮಾ ಮಾತ್ರ ನೋಡಿದವನಿಗೆ ತಾನು ಏನನ್ನೋ ತಪ್ಪಿಸಿಕೊಂಡೆ ಎಂಬ ಕಸಿವಿಸಿ. ಇಷ್ಟು ಜಾಣ್ಮೆಯಿಂದ ಹೆಣೆದದ್ದನ್ನು ನಾನು ಗೌರವಿಸುತ್ತೇನೆ. ಆದರೆ ಹಂಚಿದ್ದರಿಂದ ಕಥೆಗೆ ಏನು ಲಾಭವಾಯಿತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸುದ್ದಿ ಸಿನಿಮಾದಲ್ಲೇ ತಲುಪಿದ್ದರೂ ಅದರ ಅರ್ಥ ಬದಲಾಗುತ್ತಿರಲಿಲ್ಲ.

ಹಂಚಿದ್ದರಿಂದಲೇ ಕಥೆ ಆಳವಾದದ್ದಕ್ಕೆ ನಾನು ತೋರಿಸುವುದು ‘ದ ಲಿಜ್ಜಿ ಬೆನೆಟ್ ಡೈರೀಸ್’. ಹ್ಯಾಂಕ್ ಗ್ರೀನ್ ಮತ್ತು ಬರ್ನಿ ಸು ರೂಪಿಸಿದ ಈ ಯೂಟ್ಯೂಬ್ ಸರಣಿ 2012ರ ಏಪ್ರಿಲ್‌ನಿಂದ ಸುಮಾರು ಒಂದು ವರ್ಷ, 100 ಕಂತುಗಳಲ್ಲಿ ನಡೆಯಿತು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಈ ಕಾಲದ ಅಮೆರಿಕಕ್ಕೆ ಬಂದಿದೆ. ಲಿಜ್ಜಿ ತನ್ನ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂತು ಮನೆಯ ವಿಷಯ ಹೇಳುತ್ತಾಳೆ. ಕಥಾನಾಯಕ ಡಾರ್ಸಿಯ ಮುಖ ಕಾಣುವುದು ಅರ್ಧಕ್ಕಿಂತ ಹೆಚ್ಚು ಕಂತು ಮುಗಿದ ಮೇಲೆ. ಅಲ್ಲಿಯವರೆಗೆ ಅವನು ಲಿಜ್ಜಿಯ ಅಣಕದಲ್ಲಿ ಮಾತ್ರ ಇರುತ್ತಾನೆ. ಪಾತ್ರಗಳಿಗೆ ಟ್ವಿಟರ್ ಖಾತೆಗಳಿದ್ದವು. ತಂಗಿ ಲಿಡಿಯಾಗೆ ತನ್ನದೇ ವಿಡಿಯೊ ಚಾನೆಲ್ ಇತ್ತು.

1813ರ ಕಾದಂಬರಿಯಲ್ಲಿ ಲಿಡಿಯಾ ವಿಕಮ್ ಎಂಬವನ ಜೊತೆ ಓಡಿಹೋದ ಸುದ್ದಿ ಎಲಿಜಬೆತ್‌ಗೆ, ಅಂದರೆ ಮೂಲದ ಲಿಜ್ಜಿಗೆ, ಅಕ್ಕ ಜೇನ್‌ಳ ಪತ್ರಗಳಿಂದ ತಿಳಿಯುತ್ತದೆ. ಓದುಗರಿಗೆ ತಿಳಿಯುವುದೂ ಅದೇ ಗಳಿಗೆಯಲ್ಲಿ. ವಿಡಿಯೊ ಸರಣಿಯಲ್ಲಿ ಇದು ತಿರುವುಮುರುವಾಗಿದೆ. ಅಕ್ಕತಂಗಿಯರಿಗೆ ಜಗಳವಾಗಿದೆ, ಲಿಜ್ಜಿ ಮನೆಯಿಂದ ದೂರ ಇದ್ದಾಳೆ. ಅತ್ತ ಲಿಡಿಯಾಳ ಚಾನೆಲ್‌ನಲ್ಲಿ ವಿಕಮ್ ನಗುನಗುತ್ತಲೇ ಅವಳ ಮನಸ್ಸನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತಿರುತ್ತಾನೆ. ಎರಡೂ ಚಾನೆಲ್ ನೋಡುತ್ತಿದ್ದವರಿಗೆ ಗೊತ್ತು; ಅಕ್ಕನಿಗೆ ಮಾತ್ರ ಗೊತ್ತಿಲ್ಲ, ಏಕೆಂದರೆ ಅವಳು ತಂಗಿಯ ವಿಡಿಯೊ ನೋಡುತ್ತಿಲ್ಲ. ಲಿಜ್ಜಿಯ ಚಾನೆಲ್ ಮಾತ್ರ ನೋಡಿದವರಿಗೂ ಕಥೆ ಕೆಡುವುದಿಲ್ಲ. ಅವರು ಲಿಜ್ಜಿಯಷ್ಟೇ ಬೆಚ್ಚಿಬೀಳುತ್ತಾರೆ, ಲಿಡಿಯಾಳನ್ನು ತಾವೂ ಗಮನಿಸಲಿಲ್ಲವಲ್ಲ ಎಂದು ಲಿಜ್ಜಿಯಷ್ಟೇ ನೊಂದುಕೊಳ್ಳುತ್ತಾರೆ. ಆಸ್ಟಿನ್ ಅಷ್ಟೇನೂ ಕನಿಕರ ತೋರದ ಹುಡುಗಿಗೆ ಇಲ್ಲಿ ದನಿ ಸಿಕ್ಕಿದೆ, ಅದೂ ಒಂದು ಪ್ರತ್ಯೇಕ ಚಾನೆಲ್ ಇದ್ದುದರಿಂದ. ಇದೇ ಕಥೆಯನ್ನು ಎರಡೂವರೆ ಗಂಟೆಯ ಸಿನಿಮಾ ಮಾಡಿದರೆ ಈ ಪರಿಣಾಮ ಸಿಗದು.

ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2015ರಿಂದ 2017ರವರೆಗೆ ಹೊರತಂದ ‘ಸ್ಕಾಮ್’ ಸರಣಿ ಕಾಲವನ್ನೇ ಬಳಸಿಕೊಂಡಿತು. ಇದು ಆಸ್ಲೊ ನಗರದ ಹೈಸ್ಕೂಲು ಮಕ್ಕಳ ಕಥೆ. ಬರೆದು ನಿರ್ದೇಶಿಸಿದವರು ಯೂಲಿಯೆ ಆಂಡೆಮ್. ಕಥೆಯಲ್ಲಿ ಸೋಮವಾರ ಬೆಳಿಗ್ಗೆ ನಡೆದದ್ದರ ತುಣುಕು ಸೋಮವಾರ ಬೆಳಿಗ್ಗೆ ಅದೇ ಹೊತ್ತಿಗೆ ಜಾಲತಾಣಕ್ಕೆ ಬರುತ್ತಿತ್ತು. ನಡುನಡುವೆ ಪಾತ್ರಗಳ ಮೆಸೇಜುಗಳು, ಇನ್‌ಸ್ಟಾಗ್ರಾಂ ಫೋಟೊಗಳು. ಶುಕ್ರವಾರ ಎಲ್ಲ ತುಣುಕು ಸೇರಿ ಒಂದು ಕಂತು. ಎರಡನೇ ಸೀಸನ್‌ನಲ್ಲಿ ನೂರಾ ಎಂಬ ಹುಡುಗಿ ಕಳಿಸಿದ ಮೆಸೇಜಿಗೆ ಅವಳ ಗೆಳೆಯ ವಿಲಿಯಂ ಉತ್ತರಿಸಲೇ ಇಲ್ಲ. ಅವಳು ಕಾದಳು, ನೋಡುಗರೂ ಅವಳ ಜೊತೆಗೆ ದಿನಗಟ್ಟಲೆ ಕಾದರು. ವಿಲಿಯಂ ಉತ್ತರ ಕೊಡಬೇಕೆಂಬ ಒತ್ತಾಯವೇ ಜಾಲತಾಣಗಳಲ್ಲಿ ಹಬ್ಬಿತು. ಈಗ ಕಂತುಗಳನ್ನು ಒಟ್ಟಿಗೆ ನೋಡುವವರಿಗೆ ಆ ಕಾಯುವಿಕೆ ದಕ್ಕುವುದಿಲ್ಲ. ಈ ಕಲೆಯ ದೊಡ್ಡ ನಷ್ಟ ಇದು. ಪುಸ್ತಕವನ್ನು ಕಪಾಟಿನಲ್ಲಿ ಕಾಯ್ದಿಡಬಹುದು, ಒಂದು ವಾರದ ತಳಮಳವನ್ನು ಕಾಯ್ದಿಡುವುದು ಹೇಗೆ?

ಕನ್ನಡದಲ್ಲಿ ಇಂಥ ಕಥನಕ್ಕೆ ಕೋಟಿಗಟ್ಟಲೆ ಹಣ ಬೇಕೆಂದು ನಾನು ನಂಬುವುದಿಲ್ಲ. ಹಾವೇರಿ ಕಡೆಯ ಹುಡುಗಿ ಕೆಲಸಕ್ಕೆಂದು ಬೆಂಗಳೂರಿನ ಪಿಜಿಗೆ ಬಂದಿದ್ದಾಳೆ ಎಂದುಕೊಳ್ಳಿ. ಭಾನುವಾರದ ಸಂಜೆ ಅವ್ವನಿಗೆ ಫೋನು ಮಾಡುತ್ತಾಳೆ, ‘ಎಲ್ಲಾ ಛಲೋ ಐತಿ ಬೇ’ ಎನ್ನುತ್ತಾಳೆ. ಈ ಸಂಭಾಷಣೆ ಪಾಡ್‌ಕಾಸ್ಟ್ ಆಗಿ ಬರಲಿ. ಕೆಲಸ ಹೋದದ್ದು, ಬಾಡಿಗೆ ಬಾಕಿ ಉಳಿದದ್ದು, ಗೆಳತಿಯ ಹತ್ತಿರ ಸಾಲ ಕೇಳಿದ್ದು ವಾರವಿಡೀ ಅವಳ ಇನ್‌ಸ್ಟಾಗ್ರಾಂನಲ್ಲಿ ಅಷ್ಟಿಷ್ಟಾಗಿ ಕಾಣಲಿ. ಅವ್ವನ ಫೋನಿನಲ್ಲಿ ಇನ್‌ಸ್ಟಾಗ್ರಾಂ ಇಲ್ಲ. ಇದಕ್ಕೆ ಇಬ್ಬರು ನಟಿಯರು ಸಾಕು, ಒಂದು ಮೊಬೈಲು ಸಾಕು. ಆದರೆ ಯಾವ ದಿನ ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ತಾರೀಖಿನ ಸಮೇತ ಬರೆದಿಡುವ ಒಬ್ಬರು ತಂಡದಲ್ಲಿ ಇರಲೇಬೇಕು. ಇನ್ನೊಂದು ವಿಷಯವನ್ನೂ ಶುರುಮಾಡುವ ಮೊದಲೇ ತೀರ್ಮಾನಿಸಬೇಕು: ‘ಅವ್ವಗ ಹೇಳವಾ’ ಎಂದು ನೋಡುಗರು ಆ ಹುಡುಗಿಗೆ ಬರೆದರೆ ಅವಳು ಉತ್ತರ ಕೊಡುತ್ತಾಳೆಯೇ, ಕೊಟ್ಟರೆ ರಾತ್ರಿ ಹನ್ನೊಂದಕ್ಕೆ ಆ ಉತ್ತರವನ್ನು ಬರೆಯುವವರು ಯಾರು?