ನೋಟ್‌ಬುಕ್ಕಿನ ಹಿಂದಿನ ಪುಟ ಹರಿಯಬೇಡಿ

ಕಳೆದ ತಿಂಗಳು ಮದ್ರಸದಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಆರನೇ ತರಗತಿಯ ಒಬ್ಬಳು ಹುಡುಗಿಯ ಪುಸ್ತಕದ ಹಿಂದಿನ ಪುಟದಲ್ಲಿ ಎಂಟು ಸಾಲು ಕಂಡಿತು. ಭಾಷೆ ಬ್ಯಾರಿ, ಅಕ್ಷರ ಕನ್ನಡ. ಅದರ ಅರ್ಥ ಇಷ್ಟೇ: ಉಪ್ಪನ ಸ್ವರ ದಿನಾಲೂ ದುಬೈಯಿಂದ ಮನೆಗೆ ಬರುತ್ತದೆ, ಉಪ್ಪನ ಚಪ್ಪಲಿ ಮಾತ್ರ ಬಾಗಿಲಲ್ಲಿ ಕಾಣುವುದಿಲ್ಲ. "ಇದು ಯಾರು ಬರೆದದ್ದು?" ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿ, "ಇನ್ನು ಬರೆಯುವುದಿಲ್ಲ ಉಸ್ತಾದ್" ಅಂದಳು.

ನಾನು ಬೈದಿರಲಿಲ್ಲ, ಆದರೂ ಅವಳು ಹೆದರಿದಳು. ಯಾಕೆಂದು ನನಗೆ ಗೊತ್ತು. ಹದಿನೈದು ವರ್ಷದ ಹಿಂದೆ ಒಬ್ಬ ಹುಡುಗನ ಇಂಥದೇ ಪುಟವನ್ನು ನಾನೇ ಹರಿದು ಬಿಸಾಡಿದ್ದೆ. "ಪಾಠ ಕಲಿಯಲಿಕ್ಕೆ ಬಂದದ್ದಾ, ಪಾಟ್ ಬರೆಯಲಿಕ್ಕೆ ಬಂದದ್ದಾ?" ಎಂದು ಎಲ್ಲರ ಎದುರು ಕೇಳಿದ್ದೆ. ಇತ್ತೀಚೆಗೆ ಒಂದು ಮದುವೆಯಲ್ಲಿ ಆತ ಸಿಕ್ಕಿದ. ಈಗ ಮೀನಿನ ಲಾರಿ ಓಡಿಸುತ್ತಾನೆ. "ಈಗಲೂ ಬರೆಯುವುದುಂಟಾ?" ಎಂದು ಕೇಳಿದೆ. "ಅವತ್ತೇ ಬಿಟ್ಟೆ ಉಸ್ತಾದ್" ಎಂದು ನಕ್ಕ. ಅವನಿಗೆ ಅದು ತಮಾಷೆ. ನನಗೆ ಆ ದಿನದ ಊಟ ಸೇರಲಿಲ್ಲ.

ಒಬ್ಬ ಮನುಷ್ಯನಿಗೆ ಬರವಣಿಗೆಯ ಮೇಲೆ, ಕವಿತೆಯ ಮೇಲೆ ಪ್ರೀತಿ ಎಲ್ಲಿಂದ ಬರುತ್ತದೆ? ನಾನು ಸಾಹಿತಿಯಲ್ಲ. ಆದರೆ ಇಪ್ಪತ್ತು ವರ್ಷ ಮಕ್ಕಳ ಜೊತೆ ಕೂತವನಿಗೆ ಒಂದಿಷ್ಟು ಕಾಣುತ್ತದೆ.

ಮೊದಲು ಅದು ಕಿವಿಯಿಂದ ಬರುತ್ತದೆ. ನನ್ನ ಉಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಕೈಯಲ್ಲಿ ಎಲೆ, ಬಾಯಲ್ಲಿ ಮುಹ್ಯಿದ್ದೀನ್ ಮಾಲೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ ಮಲಯಾಳಂನಲ್ಲಿ ರಚಿಸಿದ ಮಾಲೆ ಅದು. ಕನ್ನಡದಲ್ಲಿ ಸಹಿ ಹಾಕಲೂ ಬಾರದ ನನ್ನ ಉಮ್ಮನಿಗೆ ನಾಲ್ಕು ನೂರು ವರ್ಷ ಹಿಂದಿನ ಕಾವ್ಯ ಬಾಯಿಪಾಠ! ಮಾಲೆ ಓದುವ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಉಂಟು, ಆ ಚರ್ಚೆ ಇಲ್ಲಿ ಬೇಡ. ನಾನು ಹೇಳುವುದು ಆ ದನಿಯ ಬಗ್ಗೆ. ಅರ್ಥ ಅರ್ಧವೂ ಆಗುತ್ತಿರಲಿಲ್ಲ, ಆದರೆ ಸಾಲಿನ ಕೊನೆಗೆ ಪ್ರಾಸ ಬಂದು ಕೂರುವಾಗ ಮನಸ್ಸಿಗೆ ಏನೋ ಸಮಾಧಾನ. ಪದ್ಯ ಎಂದರೆ ಐದು ಅಂಕದ ಪ್ರಶ್ನೆ ಎಂದು ಶಾಲೆಯಲ್ಲಿ ಗೊತ್ತಾಗುವ ಮೊದಲೇ ಪದ್ಯದ ರುಚಿ ನನಗೆ ಹತ್ತಿತ್ತು. ಮದುವೆಮನೆಯ ಒಪ್ಪನೆ ಪಾಟ್ ಕೇಳಿ ಬೆಳೆದ ಹೆಣ್ಣುಮಕ್ಕಳಿಗೂ ಹಾಗೆಯೇ ಆಗಿರಬೇಕು.

ಎರಡನೆಯದು, ಬಾಯಿಬಿಟ್ಟು ಹೇಳಲಾಗದ ಮಾತು. ಉಪ್ಪ ಫೋನಿನಲ್ಲಿ "ಹೇಗಿದ್ದೀ?" ಎಂದರೆ ಆ ಹುಡುಗಿ "ಚೆನ್ನಾಗಿದ್ದೇನೆ" ಎಂದೇ ಹೇಳಬೇಕು. ಅಲ್ಲಿ ದುಡಿಯುವವರ ಮನಸ್ಸು ನೋಯಿಸಬಾರದು ಎಂದು ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಹಾಗಾದರೆ ಉಳಿದ ಮಾತು ಎಲ್ಲಿಗೆ ಹೋಗಬೇಕು? ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಹೋಗುತ್ತದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾದದ್ದು 1980ರ ದಶಕದಲ್ಲಿ. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ತಲಾಖಿನ ಸುಳಿಯಲ್ಲಿ ಸಿಕ್ಕಿದ ಹೆಣ್ಣೊಬ್ಬಳ ಕಥೆ ಅದು. ಅವರ ಬರಹವನ್ನು ಒಪ್ಪದವರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ. ಆದರೆ ಅಷ್ಟು ವರ್ಷ ನೋಡಿದ್ದು, ಕೇಳಿದ್ದು ಎಲ್ಲ ಒಳಗೆ ಕಾದು ಕೂತಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಿಕ್ಕಿಲ್ಲ.

ಮೂರನೆಯದು, ಕೇಳುವ ಒಬ್ಬರು. ಮೊದಲಿನ ಎರಡು ಅಲ್ಲಾಹನು ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಕೊಟ್ಟಿದ್ದಾನೆ. ಮೂರನೆಯದನ್ನು ನಾವು ಕೊಡಬೇಕು. ನಾವು ಸೋಲುವುದು ಇಲ್ಲಿಯೇ.

ಕವಿತೆ ದೀನಿಗೆ ವಿರುದ್ಧ ಅಲ್ವಾ ಎಂದು ಕೆಲವು ಹೆತ್ತವರು ನನ್ನಲ್ಲಿ ಕೇಳುತ್ತಾರೆ. ಪವಿತ್ರ ಕುರ್‌ಆನಿನ 26ನೇ ಅಧ್ಯಾಯದ ಹೆಸರೇ ಅಶ್ಶುಅರಾ, ಅಂದರೆ ಕವಿಗಳು. ಹೇಳುವುದೊಂದು ಮಾಡುವುದೊಂದು ಎಂದು ಅಲೆಯುವ ಕವಿಗಳನ್ನು ಅಲ್ಲಿ ಖಂಡಿಸಲಾಗಿದೆ. ವಿಶ್ವಾಸವಿಟ್ಟು ಸತ್ಕರ್ಮ ಮಾಡುವವರನ್ನು ಅದರಿಂದ ಹೊರಗಿಡಲಾಗಿದೆ. ಆ ಎರಡನೇ ಭಾಗವನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಪ್ರವಾದಿ (ಸ.ಅ.) ಅವರು ಕವಿ ಹಸ್ಸಾನ್ ಬಿನ್ ಸಾಬಿತ್ (ರ) ಅವರಿಗಾಗಿ ಮಸೀದಿಯಲ್ಲೇ ಮಿಂಬರ್ ಇರಿಸಿದ್ದರು ಎಂದು ಹದೀಸ್‌ನಲ್ಲಿದೆ. ಮಿಂಬರ್ ಕೊಡುವಷ್ಟು ದೊಡ್ಡವರು ನಾವಲ್ಲ. ಐದು ನಿಮಿಷ ಕಿವಿ ಕೊಡಬಹುದಲ್ಲ?

"ಕವಿತೆ ಬರೆದರೆ ಹೊಟ್ಟೆ ತುಂಬುತ್ತದಾ?" ಎಂದೂ ಕೇಳುತ್ತಾರೆ. ಇಲ್ಲ, ತುಂಬುವುದಿಲ್ಲ. ಆದರೆ ತನ್ನ ಸಂಕಟಕ್ಕೆ ಮಾತು ಹುಡುಕಲು ಕಲಿತ ಮಗು ನಾಳೆ ಇನ್ನೊಬ್ಬರ ಸಂಕಟವನ್ನೂ ಗುರುತಿಸಬಹುದು. ಇದು ಸಣ್ಣ ವಿಷಯವಾ?

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆವು. ಒಳ್ಳೆಯದೇ. ಆದರೆ ನಮ್ಮ ಮನೆಯ ಹುಡುಗಿ ನಾಲ್ಕು ಸಾಲು ಬರೆದರೆ "ಮೊದಲು ಪಾತ್ರೆ ತೊಳಿ" ಅನ್ನುತ್ತೇವೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಉಂಟು, ಕವಿಗೋಷ್ಠಿ ನಡೆಯುತ್ತದೆ. ಆದರೆ ಕವಿಗಳು ತಯಾರಾಗುವುದು ಗೋಷ್ಠಿಯಲ್ಲಿ ಅಲ್ಲ, ಮನೆಯಲ್ಲಿ.

ನಮ್ಮ ಮದ್ರಸದವರ ತಪ್ಪೂ ಉಂಟು. ಮೀಲಾದ್ ಬಂದಾಗ ಭಾಷಣ ನಾವೇ ಬರೆದು ಕೊಡುತ್ತೇವೆ, ಹಾಡು ನಾವೇ ಆರಿಸುತ್ತೇವೆ. ಮಗು ಉರು ಹೊಡೆದು ಒಪ್ಪಿಸಿ ಬಹುಮಾನ ತೆಗೆದುಕೊಳ್ಳುತ್ತದೆ. "ನೀನೇ ಬರೆದು ತಾ" ಎಂದು ಒಂದು ಮಗುವಿಗೂ ನಾನು ಇಷ್ಟು ವರ್ಷ ಹೇಳಲಿಲ್ಲ. ಈಗ ವಾರಕ್ಕೊಮ್ಮೆ ನಡೆಯುವ ಸಾಹಿತ್ಯ ಸಮಾಜದಲ್ಲಿ ಹತ್ತು ನಿಮಿಷ ಮಕ್ಕಳ ಸ್ವಂತ ಬರಹಕ್ಕೆ ಇಟ್ಟಿದ್ದೇನೆ. ಬ್ಯಾರಿಯಲ್ಲಿ ಬರೆಯಲಿ, ಕನ್ನಡದಲ್ಲಿ ಬರೆಯಲಿ. ಕಾಗುಣಿತ ಆಮೇಲೆ ತಿದ್ದಿದರಾಯಿತು.

ಮೊದಲ ದಿನ ಆ ಹುಡುಗಿಯಲ್ಲೇ ಓದಲು ಹೇಳಿದೆ. ಓದಿದಳು. ಕೊನೆಯ ಬೆಂಚಿನಿಂದ ಇನ್ನೊಬ್ಬಳು, "ಉಸ್ತಾದ್, ಇನ್ನೊಂದು ಸಲ ಓದಲಿಕ್ಕೆ ಹೇಳಿ" ಅಂದಳು. ಅವಳ ಉಪ್ಪನೂ ಗಲ್ಫ್‌ನಲ್ಲಿ.

ಹೆತ್ತವರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಇಶಾ ಆದ ಮೇಲೆ ವಾರಕ್ಕೊಂದು ದಿನವಾದರೂ ಮೊಬೈಲ್ ಬದಿಗಿಟ್ಟು ಮಕ್ಕಳ ಎದುರು ಏನಾದರೂ ಗಟ್ಟಿಯಾಗಿ ಓದಿ. ಅವರು ಬರೆದದ್ದು ತಂದರೆ ತಪ್ಪು ಹುಡುಕುವ ಮೊದಲು ಪೂರ್ತಿ ಕೇಳಿ. ಹಿಂದಿನ ಪುಟದಲ್ಲಿ ಏನಾದರೂ ಕಂಡರೆ ಹರಿಯಬೇಡಿ. ನಾನು ಹರಿದ ಹಾಳೆಯನ್ನು ಆ ಹುಡುಗನಿಗೆ ಹಿಂದೆ ಕೊಡಲು ನನ್ನಿಂದ ಆಗುವುದಿಲ್ಲ. ನಿಮಗೆ ಆ ಚಿಂತೆ ಬಾರದಿರಲಿ.